ವಿದ್ಯೆಯನ್ನು ಅನ್ನವಾಗಿಸಿದ ವಿಶ್ವೇಶ್ವರಯ್ಯ

ಮಳೆಗಾಲ ಜೋರಾದರೆ ಮುಲ್ಲಾಮಾರಿಯ ದಡದ ಊರುಗಳಲ್ಲಿ ಆತಂಕ. ಮಳೆ ಕೈಕೊಟ್ಟರೆ ತೊಗರಿ ಹೊಲಗಳಲ್ಲಿ ನಿಟ್ಟುಸಿರು. ಅದೇ ನೀರು ಒಮ್ಮೆ ಶಾಪ, ಒಮ್ಮೆ ವರ. ಅದನ್ನು ವರವಾಗಿಸಬಲ್ಲದ್ದು ಮನುಷ್ಯನ ಬುದ್ಧಿ. ಆ ಬುದ್ಧಿಯನ್ನು ಅರಳಿಸುವುದು ಶಿಕ್ಷಣ. ಇದನ್ನು ಬದುಕಿನುದ್ದಕ್ಕೂ ಕೃತಿಯಲ್ಲಿ ತೋರಿದವರು ಸರ್ ಎಂ. ವಿಶ್ವೇಶ್ವರಯ್ಯನವರು.

ಚಿಕ್ಕಬಳ್ಳಾಪುರದ ಬಳಿಯ ಮುದ್ದೇನಹಳ್ಳಿಯಲ್ಲಿ ಜನಿಸಿದ ಅವರು ಬಾಲ್ಯದಲ್ಲಿಯೇ ತಂದೆಯನ್ನು ಕಳೆದುಕೊಂಡರು. ಬೆಂಗಳೂರಿನಲ್ಲಿ ಚಿಕ್ಕಮಕ್ಕಳಿಗೆ ಮನೆಪಾಠ ಹೇಳುತ್ತಾ ಓದಿ, 1881ರಲ್ಲಿ ಸೆಂಟ್ರಲ್ ಕಾಲೇಜಿನಿಂದ ಪದವಿ ಪಡೆದರು. ಮೈಸೂರು ಸರ್ಕಾರದ ವಿದ್ಯಾರ್ಥಿವೇತನ ದೊರೆತುದರಿಂದ ಪುಣೆಯಲ್ಲಿ ಇಂಜಿನಿಯರಿಂಗ್ ಕಲಿಯುವುದು ಸಾಧ್ಯವಾಯಿತು. ಬಡ ಹುಡುಗನೊಬ್ಬನಿಗೆ ನೀಡಿದ ಆ ಅಲ್ಪ ಹಣವು ಮುಂದೆ ನಾಡಿಗೆ ಎಷ್ಟು ಪಟ್ಟಾಗಿ ಹಿಂದಿರುಗಿತೆಂಬುದನ್ನು ಲೆಕ್ಕ ಹಾಕಿದವರಿಲ್ಲ.

1884ರಲ್ಲಿ ಮುಂಬಯಿ ಪ್ರಾಂತ್ಯದ ಲೋಕೋಪಯೋಗಿ ಇಲಾಖೆ ಸೇರಿದ ಅವರು ತಾವೇ ರೂಪಿಸಿದ ಸ್ವಯಂಚಾಲಿತ ಬಾಗಿಲುಗಳನ್ನು 1903ರಲ್ಲಿ ಪುಣೆ ಬಳಿಯ ಖಡಕ್‌ವಾಸ್ಲಾ ಜಲಾಶಯಕ್ಕೆ ಅಳವಡಿಸಿದರು. ಕಟ್ಟೆಯನ್ನು ಎತ್ತರಿಸದೆಯೇ ಹೆಚ್ಚು ನೀರನ್ನು ಹಿಡಿದಿಡುವ ಉಪಾಯ ಅದು. ತಂತ್ರಜ್ಞಾನವೆಂದರೆ ಇದೇ: ಇರುವ ಸಂಪತ್ತಿನಿಂದಲೇ ಹೆಚ್ಚಿನ ಫಲ ಪಡೆಯುವ ವಿವೇಕ.

ನಮ್ಮ ಭಾಗದೊಡನೆಯೂ ಅವರ ಸಂಬಂಧವಿದೆ. 1908ರ ಸೆಪ್ಟೆಂಬರಿನಲ್ಲಿ ಮೂಸಿ ನದಿಯು ಉಕ್ಕಿ ಹೈದರಾಬಾದಿನಲ್ಲಿ ಸಾವಿರಾರು ಜನರನ್ನು ಬಲಿ ತೆಗೆದುಕೊಂಡಿತು. ಆಗ ಕಲಬುರಗಿಯೂ ನಿಜಾಮರ ರಾಜ್ಯಕ್ಕೆ ಸೇರಿತ್ತು. ನಿಜಾಮ್ ಸರ್ಕಾರದ ಕರೆಗೆ ಓಗೊಟ್ಟು ಬಂದ ವಿಶ್ವೇಶ್ವರಯ್ಯನವರು, ನಗರದ ಮೇಲ್ಭಾಗದಲ್ಲಿ ಜಲಾಶಯಗಳನ್ನು ನಿರ್ಮಿಸಿ ಪ್ರವಾಹವನ್ನು ತಡೆಯುವ ಯೋಜನೆ ಕೊಟ್ಟರು. 1920ರಲ್ಲಿ ಉಸ್ಮಾನ್ ಸಾಗರ, 1927ರಲ್ಲಿ ಹಿಮಾಯತ್ ಸಾಗರ ಪೂರ್ಣಗೊಂಡವು. ಕೊಲ್ಲುವ ನೀರು ಕುಡಿಯುವ ನೀರಾಯಿತು.

1909ರಲ್ಲಿ ಮೈಸೂರಿನ ಮುಖ್ಯ ಇಂಜಿನಿಯರ್, 1912ರಲ್ಲಿ ದಿವಾನರಾದ ಅವರು, ಕೇವಲ ಕಟ್ಟೆ ಕಟ್ಟಿದರೆ ಬಡತನ ನೀಗದೆಂದು ಬಲ್ಲವರಾಗಿದ್ದರು. 1911ರಲ್ಲಿ ಆರಂಭವಾದ ಮೈಸೂರು ಆರ್ಥಿಕ ಸಮ್ಮೇಳನವು ಕೃಷಿ, ಕೈಗಾರಿಕೆ ಮತ್ತು ವಾಣಿಜ್ಯಗಳ ಜೊತೆಗೆ ಶಿಕ್ಷಣವನ್ನೂ ಆರ್ಥಿಕ ವಿಷಯವೆಂದೇ ಪರಿಗಣಿಸಿತು. ಕನ್ನಂಬಾಡಿ ಕಟ್ಟೆ ಏಳುತ್ತಿದ್ದ ವರ್ಷಗಳಲ್ಲಿಯೇ 1913ರಲ್ಲಿ ಮೈಸೂರು ಬ್ಯಾಂಕ್, 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ, 1917ರಲ್ಲಿ ಬೆಂಗಳೂರಿನ ಇಂಜಿನಿಯರಿಂಗ್ ಕಾಲೇಜು ಹುಟ್ಟಿದವು. ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಆರಂಭದಲ್ಲಿ ನಷ್ಟ ಅನುಭವಿಸಿದಾಗ, ಅಧಿಕಾರದಲ್ಲಿಲ್ಲದಿದ್ದರೂ ಅದರ ಆಡಳಿತದ ಹೊಣೆ ಹೊತ್ತರು. ಆ ಸೇವೆಗೆ ಸಲ್ಲಬೇಕಾದ ಸಂಭಾವನೆಯನ್ನು ಯುವಕರಿಗೆ ಕಸುಬು ಕಲಿಸುವ ಸಂಸ್ಥೆಗೆಂದು ಬಿಟ್ಟುಕೊಟ್ಟರು.

ಆದರೆ ದೊಡ್ಡವರ ಜೀವನವನ್ನು ಓದುವಾಗ ಅವರ ಮಿತಿಯನ್ನೂ ಕಾಣಬೇಕು. ಸರ್ಕಾರಿ ಹುದ್ದೆಗಳಲ್ಲಿ ಹಿಂದುಳಿದ ವರ್ಗಗಳಿಗೆ ಪ್ರಾತಿನಿಧ್ಯ ಕೊಡುವ ಕುರಿತು 1918ರಲ್ಲಿ ಮಹಾರಾಜರು ಮಿಲ್ಲರ್ ಸಮಿತಿಯನ್ನು ನೇಮಿಸಿದರು. ಅರ್ಹತೆಯೊಂದೇ ಮಾನದಂಡವಾಗಬೇಕೆಂಬ ನಿಲುವಿನ ವಿಶ್ವೇಶ್ವರಯ್ಯನವರು ಇದನ್ನು ಒಪ್ಪಲಾರದೆ ದಿವಾನಗಿರಿಯಿಂದ ಹಿಂದೆ ಸರಿದರು. ಅವರ ಪ್ರಾಮಾಣಿಕತೆ ಪ್ರಶ್ನಾತೀತ. ಆದರೆ ಅರ್ಹತೆಯು ಬೀಜದಂತೆ. ಎಲ್ಲರಲ್ಲಿಯೂ ಸುಪ್ತವಾಗಿದ್ದರೂ ಮಣ್ಣು, ನೀರು ದೊರೆತಲ್ಲಿ ಮಾತ್ರ ಮೊಳೆಯುತ್ತದೆ. ವಿದ್ಯಾರ್ಥಿವೇತನವಿಲ್ಲದಿದ್ದರೆ ಮುದ್ದೇನಹಳ್ಳಿಯ ಆ ಹುಡುಗನ ಅರ್ಹತೆಯೂ ಬೆಳಕಿಗೆ ಬರುತ್ತಿತ್ತೇ? ಶಾಲೆಯ ಬಾಗಿಲನ್ನೇ ಕಾಣದ ಮಗುವಿನೊಡನೆ ಅರ್ಹತೆಯ ಮಾತನಾಡುವುದು ನ್ಯಾಯವಲ್ಲ.

ಈ ಪ್ರಶ್ನೆ ನಮ್ಮದೂ ಹೌದು. ವಾಡಿ, ಸೇಡಂ, ಮಳಖೇಡಗಳಲ್ಲಿ ನಮ್ಮ ನೆಲದ ಸುಣ್ಣದ ಕಲ್ಲು ಸಿಮೆಂಟಾಗುತ್ತದೆ. ಆದರೂ ಚಿಂಚೋಳಿ, ಚಿತ್ತಾಪುರಗಳ ಎಷ್ಟೋ ಕುಟುಂಬಗಳು ಕೂಲಿಗಾಗಿ ಮುಂಬಯಿ, ಹೈದರಾಬಾದುಗಳಿಗೆ ಗುಳೆ ಹೋಗುತ್ತವೆ. ಜೊತೆಯಲ್ಲಿ ಮಕ್ಕಳ ಓದೂ ಗುಳೆ ಹೋಗುತ್ತದೆ. ನೆಲದಲ್ಲಿ ಸಂಪತ್ತಿದ್ದರೆ ಸಾಲದು, ಅದನ್ನು ಬಳಸುವ ವಿದ್ಯೆ ಆ ನೆಲದ ಮಕ್ಕಳಲ್ಲಿರಬೇಕು. 2012ರ ಸಂವಿಧಾನ ತಿದ್ದುಪಡಿಯಿಂದ ಬಂದ 371ಜೆ ವಿಧಿಯು ಈ ಭಾಗದವರಿಗೆ ಶಿಕ್ಷಣ ಮತ್ತು ಉದ್ಯೋಗದಲ್ಲಿ ಮೀಸಲು ಅವಕಾಶ ಕಲ್ಪಿಸಿದೆ. ಹತ್ತನೆಯ ತರಗತಿಗೇ ಓದು ನಿಂತರೆ ಆ ಅವಕಾಶ ಕಾಗದದಲ್ಲಿಯೇ ಉಳಿಯುತ್ತದೆ.

1955ರಲ್ಲಿ ಭಾರತರತ್ನ ಗೌರವಕ್ಕೆ ಪಾತ್ರರಾದ ವಿಶ್ವೇಶ್ವರಯ್ಯನವರು ನೂರು ವರ್ಷಗಳ ತುಂಬುಬಾಳನ್ನು ಬಾಳಿ 1962ರಲ್ಲಿ ನಿಧನರಾದರು. ಅವರ ಹೆಸರಿನ ತಾಂತ್ರಿಕ ವಿಶ್ವವಿದ್ಯಾಲಯದ ಪ್ರಾದೇಶಿಕ ಕೇಂದ್ರ ಇಂದು ಕಲಬುರಗಿಯಲ್ಲಿಯೇ ಇದೆ. ಪ್ರಿಯ ತಂದೆತಾಯಿಯರೇ, ದೂರ ಈಗ ಮೊದಲಿನಷ್ಟಿಲ್ಲ. ಸುಗ್ಗಿಯ ಹಣ ಕೈಸೇರಿದಾಗ ಮದುವೆ, ಜಾತ್ರೆಗಳ ವೆಚ್ಚಕ್ಕೆ ಮೊದಲು ಮಗಳ ಪುಸ್ತಕ, ಮಗನ ಶುಲ್ಕವನ್ನು ಎತ್ತಿಡೋಣ. ರಾಷ್ಟ್ರದ ಆರ್ಥಿಕ ಪ್ರಗತಿ ದಿಲ್ಲಿಯಲ್ಲಿ ಮಾತ್ರವಲ್ಲ, ನಮ್ಮ ಮನೆಯ ದೀಪದ ಕೆಳಗೆ ಓದುತ್ತ ಕುಳಿತ ಮಗುವಿನಿಂದಲೂ ಆರಂಭವಾಗುತ್ತದೆ.