ಪರಸ್ಪರ ಆಸರೆಯ ಪ್ರೇಷಿತ ಸಂತ ಜೋಸೆಫ್ ವಾಜ್

ಜನವರಿ 16 ಸಂತ ಜೋಸೆಫ್ ವಾಜರ ಸ್ಮರಣೆಯ ದಿನ. ಗೋವೆಯಲ್ಲಿ ಜನಿಸಿ, ನಮ್ಮ ಕರಾವಳಿಯಲ್ಲಿ ದುಡಿದು, ಸಿಂಹಳ ದ್ವೀಪದಲ್ಲಿ ದೇಹ ತೇಯ್ದ ಈ ಮಹನೀಯರ ಜೀವನವು ದೇವರ ವರಪ್ರಸಾದವು ಮಾನವರ ಪರಸ್ಪರ ಆಸರೆಯ ಮೂಲಕ ಹೇಗೆ ಹರಿಯುತ್ತದೆಂಬುದನ್ನು ನಮಗೆ ತೋರಿಸುತ್ತದೆ.

ಜೋಸೆಫರು 1651ರ ಏಪ್ರಿಲ್ 21ರಂದು ಗೋವೆಯ ಬೆಣಾವ್ಲಿಯಲ್ಲಿ ಜನಿಸಿದರು. 1676ರಲ್ಲಿ ಗುರುದೀಕ್ಷೆ ಪಡೆದು, ಮರುವರ್ಷ ದೇವಮಾತೆಗೆ ತಮ್ಮನ್ನು ದಾಸರನ್ನಾಗಿ ಒಪ್ಪಿಸಿಕೊಂಡ ಪತ್ರವನ್ನು ಬರೆದಿಟ್ಟರು. 1681ರಲ್ಲಿ ಅವರು ಕೆನರಾಕ್ಕೆ ಬಂದರು. ಆಗ ಈ ಸೀಮೆ ಕೆಳದಿಯ ಅರಸರ ಆಳ್ವಿಕೆಯಲ್ಲಿತ್ತು. ಗುರುಗಳ ಕೊರತೆಯಿಂದಲೂ, ಧರ್ಮಸಭೆಯೊಳಗಿನ ಅಧಿಕಾರದ ವಿವಾದದಿಂದಲೂ ಇಲ್ಲಿನ ಕ್ರೈಸ್ತರು ನೊಂದಿದ್ದರು. ಮಂಗಳೂರು, ಬಸ್ರೂರು, ಗಂಗೊಳ್ಳಿ ಮೊದಲಾದೆಡೆಗಳಲ್ಲಿ ಅವರು ಸಂಚರಿಸಿ ಜನರನ್ನು ಒಗ್ಗೂಡಿಸಿದರು. 1684ರಲ್ಲಿ ಗೋವೆಗೆ ಮರಳಿ, ಮರುವರ್ಷ ಸ್ವದೇಶೀ ಗುರುಗಳ ಒರಟೋರಿಯೊ ಸಮುದಾಯವನ್ನು ಸೇರಿದರು.

ಆದರೆ ಅವರ ಮನಸ್ಸು ಸಿಂಹಳದ ಕಡೆಗೇ ಇತ್ತು. 1658ರಲ್ಲಿ ಡಚ್ಚರು ಜಾಫ್ನಾವನ್ನು ಗೆದ್ದ ಬಳಿಕ ಕಥೋಲಿಕ ಗುರುಗಳು ಅಲ್ಲಿಂದ ಹೊರದೂಡಲ್ಪಟ್ಟಿದ್ದರು. ಗುರುಗಳಿಗೆ ಆಶ್ರಯವಿತ್ತವರಿಗೆ ಉಗ್ರ ಶಿಕ್ಷೆ ಕಾದಿತ್ತು. ಸುಮಾರು ಮೂವತ್ತು ವರ್ಷ ಅಲ್ಲಿನ ಭಕ್ತರಿಗೆ ಬಲಿಪೂಜೆಯಿಲ್ಲ, ಪಾಪನಿವೇದನೆಯಿಲ್ಲ. ಆದರೂ ಮುಚ್ಚಿದ ಬಾಗಿಲುಗಳ ಹಿಂದೆ ಅನೇಕ ಕುಟುಂಬಗಳಲ್ಲಿ ಜಪಸರ ನಿಂತಿರಲಿಲ್ಲ. ತಂದೆತಾಯಿಗಳೇ ಮಕ್ಕಳಿಗೆ ಉಪದೇಶಿಗಳಾಗಿದ್ದರು.

1687ರಲ್ಲಿ ಜೋಸೆಫರು ಜಾನ್ ಎಂಬ ಯುವಕನೊಂದಿಗೆ, ಬಡ ಕೂಲಿಯ ವೇಷದಲ್ಲಿ ದ್ವೀಪವನ್ನು ಸೇರಿದರು. ಪಯಣದ ಬವಣೆಯಿಂದ ಅತಿಸಾರ ತಗುಲಿ ಜಾಫ್ನಾದಲ್ಲಿ ನೆಲ ಹಿಡಿದಾಗ, ಅವರು ಯಾರೆಂದರಿಯದ ಓರ್ವ ಸ್ತ್ರೀ ಗಂಜಿಯಿತ್ತು ಉಪಚರಿಸಿದಳು. ಉಪಕಾರ ಮಾಡಲು ಬಂದವರು ಮೊದಲು ಉಪಕಾರ ಪಡೆದರು. ಚೇತರಿಸಿಕೊಂಡ ಬಳಿಕ ಅವರು ಕೊರಳಲ್ಲಿ ಜಪಸರ ಧರಿಸಿ ಮನೆಮನೆಗೆ ಭಿಕ್ಷೆಗೆ ಹೊರಟರು. ಅದನ್ನು ಕಂಡು ಯಾರ ಕಣ್ಣು ಅರಳಿತೋ ಆ ಮನೆಯನ್ನು ಗುರುತಿಟ್ಟುಕೊಂಡರು. ಸಿಲ್ಲಾಲೆ ಗ್ರಾಮದ ಭಕ್ತರು ಅವರನ್ನು ಬಚ್ಚಿಟ್ಟು ಕಾಪಾಡಿದರು; ರಾತ್ರಿಯ ವೇಳೆ ಬಲಿಪೂಜೆಗಳು ನಡೆದವು. 1689ರ ಕ್ರಿಸ್ತಜಯಂತಿಯ ರಾತ್ರಿ ಡಚ್ ಸೈನಿಕರು ಪ್ರಾರ್ಥನಾಸ್ಥಳಕ್ಕೆ ನುಗ್ಗಿ ಅನೇಕರನ್ನು ಹಿಡಿದರು. ಕೆಲವರು ಛಡಿಯೇಟು ತಿಂದು ಸೆರೆಮನೆ ಸೇರಿದರು. ಗುರುಗಳು ಮಾತ್ರ ಸಿಕ್ಕಲಿಲ್ಲ.

1692ರಲ್ಲಿ ಅವರು ಬೌದ್ಧ ಅರಸನ ರಾಜಧಾನಿ ಕ್ಯಾಂಡಿಗೆ ಹೋದಾಗ, ಪೋರ್ಚುಗೀಸರ ಗೂಢಚಾರರೆಂಬ ಆರೋಪದ ಮೇಲೆ ಬಂಧಿತರಾದರು. ಆ ಸೆರೆಯನ್ನೇ ಅವರು ಪ್ರಾರ್ಥನಾಲಯವನ್ನಾಗಿಸಿ, ಸಿಂಹಳ ಭಾಷೆಯನ್ನು ಕಲಿತರು. 1697ರಲ್ಲಿ ನಗರದಲ್ಲಿ ಸಿಡುಬು ಹಬ್ಬಿ, ಜನ ರೋಗಿಗಳನ್ನು ತೊರೆದು ಓಡಿಹೋದರು. ಜೋಸೆಫರೂ ಅವರ ಸೋದರಳಿಯ ಫಾದರ್ ಜೋಸೆಫ್ ಕಾರ್ವಾಲೊ ಅವರೂ ಅಲ್ಲೇ ಉಳಿದು, ಮತಭೇದವೆಣಿಸದೆ ರೋಗಿಗಳಿಗೆ ಉಣಬಡಿಸಿದರು, ಹುಣ್ಣುಗಳನ್ನು ತೊಳೆದರು, ಸತ್ತವರನ್ನು ಹೂಳಿದರು. ಅರಸ ಎರಡನೆಯ ವಿಮಲಧರ್ಮಸೂರ್ಯನ ಮೆಚ್ಚುಗೆ ಅವರಿಗೆ ದೊರೆಯಿತು.

ಗುರುಗಳು ಬೆರಳೆಣಿಕೆಯಷ್ಟಿದ್ದ ಕಾರಣ, ಊರೂರಲ್ಲಿ ಮೂಪ್ಪು ಹಾಗೂ ಅಣ್ಣಾವಿಗಳೆಂಬ ಗೃಹಸ್ಥ ಮುಂದಾಳುಗಳಿಗೆ ಅವರು ಹೊಣೆ ವಹಿಸಿದರು. ಪ್ರಾರ್ಥನೆ ನಡೆಸುವುದು, ಮಕ್ಕಳಿಗೆ ಧರ್ಮೋಪದೇಶ ನೀಡುವುದು, ಸಾಯುವವರ ಪಕ್ಕದಲ್ಲಿ ನಿಲ್ಲುವುದು ಇವರ ಪಾಲಿನ ಕೆಲಸವಾಯಿತು. 1711ರ ಜನವರಿ 16ರಂದು ಜೋಸೆಫರು ಕ್ಯಾಂಡಿಯಲ್ಲಿ ಪ್ರಭುವಿನಲ್ಲಿ ನಿದ್ರಿಸಿದರು. ಜಗದ್ಗುರು ಎರಡನೆಯ ಜಾನ್ ಪಾಲರು 1995ರಲ್ಲಿ ಅವರನ್ನು ಧನ್ಯರೆಂದೂ, ಜಗದ್ಗುರು ಫ್ರಾನ್ಸಿಸರು 2015ರಲ್ಲಿ ಸಂತರೆಂದೂ ಕೊಲಂಬೊದಲ್ಲಿ ಘೋಷಿಸಿದರು.

ನಮ್ಮೂರಲ್ಲಿ ಇಂದು ದೇವಾಲಯದ ಬಾಗಿಲು ತೆರೆದಿದೆ, ಗುರುಗಳಿದ್ದಾರೆ. ಆದರೂ ಪೂಜೆಗೆ ಬರುವುದನ್ನು ನಿಲ್ಲಿಸಿದ ನೆರೆಯವರನ್ನು ನಾವು ವಿಚಾರಿಸಿದ್ದೇವೆಯೇ? ಹಾಸಿಗೆ ಹಿಡಿದ ಹಿರಿಯರ ಬಳಿ ಕುಳಿತು ಒಂದು ಜಪಸರ ಹೇಳಿದ್ದೇವೆಯೇ? ವಿಶ್ವಾಸವು ದೇವರ ಉಚಿತ ದಾನವೇ ಸರಿ. ಆದರೆ ಎಡವಿದವನನ್ನು ಎತ್ತಲು ದೇವರು ನಮ್ಮ ಕೈಗಳನ್ನೇ ಕೇಳುತ್ತಾರೆ. ಜಾಫ್ನಾದ ಆ ತಾಯಿ ನೀಡಿದ್ದು ಗಂಜಿ ಮಾತ್ರ. ಅದರಿಂದ ಒಂದು ನಾಡಿನ ಧರ್ಮಸಭೆಯೇ ಚೇತರಿಸಿಕೊಂಡಿತು. ಅಂಥ ಒಂದು ಬಟ್ಟಲನ್ನು ಈ ವಾರ ನಾವೂ ಯಾರಿಗಾದರೂ ಕೊಂಡೊಯ್ಯೋಣ.