ಕೈದುಡಿಮೆಗೆ ಮಾನ ತಂದ ಕುದ್ಮುಲ್ ರಂಗರಾಯರು

ನೀಲಗುಂದದ ಭೀಮೇಶ್ವರ ದೇಗುಲದ ಮುಂದೆ ನಿಂತವರು ಕಲ್ಯಾಣ ಚಾಲುಕ್ಯರ ಕಾಲದ ಶಿಲ್ಪಿಗಳ ಕೈಚಳಕಕ್ಕೆ ಬೆರಗಾಗದೆ ಇರಲಾರರು. ಕಲ್ಲನ್ನು ಅರಳಿಸಿದ ಆ ಕೈಗಳನ್ನು ಕೊಂಡಾಡುವ ನಾವು, ಮಗ್ಗದ ಲಾಳಿಯನ್ನೂ ಬಡಗಿಯ ಉಳಿಯನ್ನೂ ಹಿಡಿದ ಕೈಗಳನ್ನು ಅಷ್ಟೇ ಆದರದಿಂದ ಕಂಡಿದ್ದೇವೆಯೇ ಎಂಬುದು ಯೋಚಿಸತಕ್ಕ ವಿಷಯ. ಅಕ್ಷರದೊಡನೆ ಕಸುಬನ್ನೂ ಕಲಿಸಿ, ಸಮಾಜವು ಮುಟ್ಟಲೊಲ್ಲದ ಕೈಗಳಿಗೆ ಮಾನವನ್ನು ತಂದುಕೊಟ್ಟ ಮಹನೀಯರೊಬ್ಬರು ಕರಾವಳಿಯ ಮಂಗಳೂರಿನಲ್ಲಿ ಆಗಿಹೋದರು. ಅವರೇ ಕುದ್ಮುಲ್ ರಂಗರಾಯರು.

ರಂಗರಾಯರು 1859ನೆಯ ಇಸವಿ ಜೂನ್ 29ರಂದು ಕಾಸರಗೋಡು ಸೀಮೆಯ ಸಾರಸ್ವತ ಬ್ರಾಹ್ಮಣ ಮನೆತನದಲ್ಲಿ ಜನಿಸಿದರು. ಎಳೆವಯಸ್ಸಿನಲ್ಲಿಯೇ ತಂದೆಯನ್ನು ಕಳೆದುಕೊಂಡು ಮಂಗಳೂರಿಗೆ ಬಂದ ಅವರು ಅಲ್ಪ ಸಂಬಳಕ್ಕೆ ಉಪಾಧ್ಯಾಯ ವೃತ್ತಿಯನ್ನು ಹಿಡಿದರು. ದುಡಿಯುತ್ತಲೇ ಓದಿ ವಕೀಲಿ ಪರೀಕ್ಷೆಯಲ್ಲಿ ತೇರ್ಗಡೆಯಾಗಿ, ಬಡವರ ವಕೀಲರೆಂದು ಹೆಸರಾದರು. ಬ್ರಹ್ಮಸಮಾಜದ ವಿಚಾರಗಳು ಅವರ ಮನಸ್ಸನ್ನು ಸೆಳೆದಿದ್ದುವು. ಅನುಕೂಲವಾದ ಬಾಳು ಕೈಗೆಟುಕುವಂತಿದ್ದಾಗಲೇ ಅವರು ಕಷ್ಟದ ದಾರಿಯನ್ನು ತಾವಾಗಿ ಆರಿಸಿಕೊಂಡರು.

1892ರಲ್ಲಿ ಮಂಗಳೂರಿನ ಉರ್ವ ಚಿಲಿಂಬಿಯ ಬಾಡಿಗೆಯ ಕಟ್ಟಡವೊಂದರಲ್ಲಿ ಅವರು ಅಸ್ಪೃಶ್ಯರೆನಿಸಿದ್ದ ಮಕ್ಕಳಿಗಾಗಿ ಶಾಲೆ ತೆರೆದರು. ಸ್ವಜನರು ಬಹಿಷ್ಕಾರ ಹಾಕಿದರು. ಆ ಮಕ್ಕಳಿಗೆ ಪಾಠ ಹೇಳುವ ಉಪಾಧ್ಯಾಯರು ದೊರೆಯುವುದೇ ದುಸ್ತರವಾಯಿತು. ಇದಕ್ಕಿಂತಲೂ ದೊಡ್ಡ ಅಡ್ಡಿ ಬಡತನ. ಮಗುವನ್ನು ಶಾಲೆಗೆ ಕಳುಹಿಸಿದರೆ ಅದರ ದಿನಗೂಲಿ ತಪ್ಪುತ್ತಿತ್ತು. ಇದನ್ನರಿತ ರಾಯರು ಮಕ್ಕಳಿಗೆ ಮಧ್ಯಾಹ್ನದ ಊಟವನ್ನೂ ಹೆತ್ತವರಿಗೆ ಕೆಲವು ಕಾಸನ್ನೂ ಕೊಡುವ ಏರ್ಪಾಡು ಮಾಡಿದರು. 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಎಂಬ ಸಂಸ್ಥೆ ಸ್ಥಾಪಿತವಾಗಿ ಈ ಕಾರ್ಯಕ್ಕೆ ನೆಲೆ ದೊರೆಯಿತು.

ಓದು ಬರಹ ಬಂದಮಾತ್ರಕ್ಕೆ ಜಾತಿಯ ಬಾಗಿಲು ತೆರೆಯುತ್ತಿದ್ದ ಕಾಲ ಅದಲ್ಲ. ಆದುದರಿಂದ ಮಿಷನ್ನಿನಲ್ಲಿ ನೇಯ್ಗೆ, ಮರಗೆಲಸ ಮೊದಲಾದ ಕೈಗಸುಬುಗಳ ಶಿಕ್ಷಣವೂ ನಡೆಯಿತು. ಇದು ಕೇವಲ ಹೊಟ್ಟೆಪಾಡಿನ ಉಪಾಯವಲ್ಲ. ನೂಲನ್ನು ಬಟ್ಟೆಯಾಗಿಸಿದ ಬಾಲಕ ತನ್ನಲ್ಲಿಯೂ ಸೃಷ್ಟಿಶಕ್ತಿಯಿದೆಯೆಂಬುದನ್ನು ಕಣ್ಣಾರೆ ಕಾಣುತ್ತಾನೆ. ಯಾರೂ ಹೇಳಿಕೊಡಲಾಗದ ಆತ್ಮವಿಶ್ವಾಸವನ್ನು ಅವನ ಕೈಗಳೇ ಅವನಿಗೆ ಕಲಿಸುತ್ತವೆ. ಮುಟ್ಟಿದರೆ ಮೈಲಿಗೆಯೆಂದವರೂ ನೇಯ್ದ ಬಟ್ಟೆಯನ್ನುಡದೆ ಬಾಳಲಾರರಷ್ಟೆ!

ರಾಯರು ಮಂದಿಗೆ ಹೇಳಿದುದನ್ನು ತಮ್ಮ ಮನೆಯಲ್ಲಿಯೂ ನಡೆಸಿದವರು. ಮಗಳು ರಾಧಾಬಾಯಿಯವರ ವಿವಾಹ ಜಾತಿಯ ಎಲ್ಲೆಯನ್ನು ಮೀರಿ ಡಾ. ಪಿ. ಸುಬ್ಬರಾಯನ್ ಅವರೊಡನೆ ನಡೆಯಿತು. 1930ರ ದುಂಡು ಮೇಜಿನ ಪರಿಷತ್ತಿಗೆ ಹೋದ ಭಾರತೀಯ ಮಹಿಳೆಯರಲ್ಲಿ ರಾಧಾಬಾಯಿಯವರೂ ಒಬ್ಬರು. ರಾಯರು ಕೊನೆಗಾಲದಲ್ಲಿ ಸಂನ್ಯಾಸ ಸ್ವೀಕರಿಸಿ ಈಶ್ವರಾನಂದರೆನಿಸಿದರು. ತಮ್ಮ ಕಳೇಬರವನ್ನು ದಲಿತರೇ ಹೊರಬೇಕೆಂದು ಬಯಸಿದ್ದ ಅವರು 1928ರ ಜನವರಿ 30ರಂದು ದೇಹಬಿಟ್ಟರು. 1934ರಲ್ಲಿ ಮಂಗಳೂರಿಗೆ ಬಂದ ಗಾಂಧೀಜಿಯವರು ಅವರು ಕಟ್ಟಿದ ಸಂಸ್ಥೆಯನ್ನು ಸಂದರ್ಶಿಸಿದರು. ಮಂಗಳೂರಿನ ಪುರಭವನ ಇಂದು ರಂಗರಾಯರ ಹೆಸರನ್ನು ಹೊತ್ತಿದೆ.

ಕಟ್ಟಡಕ್ಕೆ ಹೆಸರಿಡುವುದು ಸುಲಭ. ಅವರ ಕೆಲಸವನ್ನು ಮುಂದುವರಿಸುವುದು ಕಷ್ಟ. ಶಾಲೆಗೆ ಧನವನ್ನಿತ್ತವರು ವಂದ್ಯರು. ಅದರೊಡನೆ, ಬುಟ್ಟಿ ಹೆಣೆಯಲೋ, ಮಣ್ಣಿನ ಬೊಂಬೆ ಮಾಡಲೋ, ಕಸೂತಿ ಹಾಕಲೋ ಬಲ್ಲ ಹಳೆಯ ವಿದ್ಯಾರ್ಥಿಗಳು ವಾರಕ್ಕೊಂದು ಗಂಟೆ ಬಂದು ಬಡಮಕ್ಕಳ ಬಳಿ ಕುಳಿತರೆ, ಅದೂ ಧನದಾನಕ್ಕೆ ಕಡಿಮೆಯಲ್ಲದ ದಾನವೇ ಸರಿ. ಕಾಯಕವನ್ನು ಪೂಜ್ಯವೆಂದ ಶರಣರ ನಾಡಿನವರಿಗೆ ಇದನ್ನು ಹೆಚ್ಚಾಗಿ ಹೇಳಬೇಕಾಗಿಲ್ಲ.