ಹಳೆಯ ಹಡಗಿನಿಂದ ಫಾರ್ಗೊ ಲಾರಿಯವರೆಗೆ: ಸೊಲ್ಲಾಪುರದ ವಾಲ್‌ಚಂದ್ ಹೀರಾಚಂದ್

ಕೂಡ್ಲಿಗಿಯನ್ನು ಹಾದುಹೋಗುವ ಹೆದ್ದಾರಿಗೆ ಇಂದು 50ರ ಸಂಖ್ಯೆ. ಬಹುಕಾಲ ಅದು 13ನೇ ರಾಷ್ಟ್ರೀಯ ಹೆದ್ದಾರಿಯಾಗಿತ್ತು. ಅದರ ಒಂದು ತುದಿ ಮಂಗಳೂರು, ಇನ್ನೊಂದು ತುದಿ ಸೊಲ್ಲಾಪುರ. ಸ್ವಾತಂತ್ರ್ಯಾನಂತರದ ದಶಕಗಳಲ್ಲಿ ದೇಶದ ರಸ್ತೆಗಳಲ್ಲಿ ಓಡಿದ ಡಾಡ್ಜ್ ಮತ್ತು ಫಾರ್ಗೊ ಲಾರಿಗಳ ಹಿಂದಿದ್ದ ಉದ್ಯಮಿ ಹುಟ್ಟಿದ್ದು ಇದೇ ಸೊಲ್ಲಾಪುರದಲ್ಲಿ. ಉಬ್ಬಿದ ಮೂತಿ, ದುಂಡನೆಯ ದೀಪಗಳ ಆ ವಾಹನಗಳನ್ನು ಮನೆಯಂಗಳದಲ್ಲಿ ಬಿಚ್ಚಿ, ತುಕ್ಕು ಕೆರೆದು ಮತ್ತೆ ಓಡಿಸಲು ಶ್ರಮಿಸುವ ಹವ್ಯಾಸಿಗಳು ಇಂದಿಗೂ ಇದ್ದಾರೆ. ಆದರೆ ಆ ಲಾರಿಗಳನ್ನು ತಯಾರಿಸುವ ಕಾರ್ಖಾನೆ ಕರ್ನಾಟಕದ ನೆಲದಲ್ಲೇ ತಲೆಯೆತ್ತಬೇಕಿತ್ತು ಎಂಬುದನ್ನು ಬಲ್ಲವರು ಕಡಿಮೆ.

ವಾಲ್‌ಚಂದ್ ಹೀರಾಚಂದ್ ದೋಶಿ ಜನಿಸಿದ್ದು 1882ರ ನವೆಂಬರ್ 23ರಂದು. ಗುಜರಾತಿನಿಂದ ಬಂದು ನೆಲೆಸಿದ ದಿಗಂಬರ ಜೈನ ಕುಟುಂಬ. ಹತ್ತಿ ವ್ಯಾಪಾರ ಮತ್ತು ಲೇವಾದೇವಿ ಮನೆತನದ ವೃತ್ತಿ. ಸೊಲ್ಲಾಪುರವೆಂದರೆ ಕನ್ನಡಿಗರಿಗೆ ಸೊನ್ನಲಿಗೆ. ಕೆರೆ ಕಟ್ಟಿಸಿ ಕರ್ಮಯೋಗಿ ಎನಿಸಿಕೊಂಡ ಶರಣ ಸಿದ್ಧರಾಮನ ಊರು. ಮರಾಠಿ, ಕನ್ನಡ, ತೆಲುಗು ಮೂರೂ ಕೇಳಿಸುವ ಆ ಪೇಟೆಯಲ್ಲಿ ಬೆಳೆದ ಬಾಲಕ ಮುಂದೆ ಮುಂಬೈ ಮತ್ತು ಪುಣೆಯ ಕಾಲೇಜುಗಳಲ್ಲಿ ಓದಿದರೂ ಪದವಿ ಪೂರೈಸಲಿಲ್ಲ. ತಂದೆಯ ಗದ್ದಿಯಲ್ಲಿ ಕುಳಿತು ಲೆಕ್ಕ ಬರೆಯುವ ಕೆಲಸವೂ ಅವರಿಗೆ ಒಗ್ಗಲಿಲ್ಲ.

ಗುತ್ತಿಗೆದಾರನಾದ ವರ್ತಕ ಪುತ್ರ

ರೈಲ್ವೆಯಲ್ಲಿ ಗುಮಾಸ್ತರಾಗಿದ್ದ ಲಕ್ಷ್ಮಣರಾವ್ ಫಾಟಕ್ ಅವರೊಡನೆ ಪಾಲುದಾರಿಕೆ ಮಾಡಿಕೊಂಡು ವಾಲ್‌ಚಂದ್ ಗುತ್ತಿಗೆ ಕೆಲಸಕ್ಕೆ ಇಳಿದರು. ಬಾರ್ಶಿ ಲೈಟ್ ರೈಲ್ವೆಯ ಕಾಮಗಾರಿಯಿಂದ ಆರಂಭವಾದ ಈ ವೃತ್ತಿ, ಭೋರ್ ಘಾಟಿನ ರೈಲ್ವೆ ಸುರಂಗಗಳವರೆಗೂ ಬೆಳೆಯಿತು. 1926ರಲ್ಲಿ ಸ್ಥಾಪನೆಯಾದ ಹಿಂದೂಸ್ತಾನ್ ಕನ್‌ಸ್ಟ್ರಕ್ಷನ್ ಕಂಪೆನಿ ಈ ಅನುಭವದ ಫಲ. ದೊಡ್ಡ ಗುತ್ತಿಗೆಗಳೆಲ್ಲ ಬ್ರಿಟಿಷ್ ಕಂಪೆನಿಗಳ ಪಾಲಾಗುತ್ತಿದ್ದ ದಿನಗಳವು.

ಅವರಿಗೆ ದೇಶವ್ಯಾಪಿ ಹೆಸರು ತಂದದ್ದು ಒಂದು ಹಳೆಯ ಹಡಗು. 1891ರಲ್ಲಿ ಕೆನಡಾದ ಕಂಪೆನಿಯೊಂದರ ಪ್ರಯಾಣಿಕ ಹಡಗಾಗಿ ಸೇವೆ ಆರಂಭಿಸಿದ ಎಂಪ್ರೆಸ್ ಆಫ್ ಇಂಡಿಯಾ, ಮೊದಲ ಮಹಾಯುದ್ಧದ ಕಾಲದಲ್ಲಿ ಗ್ವಾಲಿಯರ್ ಮಹಾರಾಜರ ಕೈಸೇರಿ, ಲಾಯಲ್ಟಿ ಎಂಬ ಹೆಸರಿನ ಆಸ್ಪತ್ರೆ ಹಡಗಾಗಿತ್ತು. ಯುದ್ಧ ಮುಗಿದ ಮೇಲೆ ಅದು ಮಾರಾಟಕ್ಕಿರುವ ಸುದ್ದಿ ತಿಳಿದು ವಾಲ್‌ಚಂದ್ ಕೊಂಡರು. ನರೋತ್ತಮ ಮೊರಾರ್ಜಿ ಮೊದಲಾದವರೊಡನೆ ಸೇರಿ ಸಿಂಧಿಯಾ ಸ್ಟೀಮ್ ನ್ಯಾವಿಗೇಷನ್ ಕಂಪೆನಿ ಕಟ್ಟಿದರು. ಸುಮಾರು 28 ವರ್ಷ ಹಳೆಯದಾದ ಹಡಗನ್ನು ಮತ್ತೆ ಪ್ರಯಾಣಿಕರಿಗೆ ಯೋಗ್ಯವಾಗುವಂತೆ ಸಜ್ಜುಗೊಳಿಸಲಾಯಿತು. 1919ರ ಏಪ್ರಿಲ್ 5ರಂದು ಲಾಯಲ್ಟಿ ಮುಂಬೈಯಿಂದ ಲಂಡನ್ನಿಗೆ ಹೊರಟಿತು. ಆ ದಿನವನ್ನೇ ಇಂದು ರಾಷ್ಟ್ರೀಯ ನೌಕಾಯಾನ ದಿನವೆಂದು ಆಚರಿಸಲಾಗುತ್ತಿದೆ.

ಹಡಗು ಹೆಚ್ಚು ಕಾಲ ಬಾಳಲಿಲ್ಲ; 1923ರಲ್ಲಿ ಗುಜರಿಗೆ ಹೋಯಿತು. ಬ್ರಿಟಿಷ್ ಹಡಗು ಕಂಪೆನಿಗಳು ಸಾಗಣೆ ದರವನ್ನು ಇಳಿಸಿ ಸಿಂಧಿಯಾವನ್ನು ಹಣ್ಣು ಮಾಡಿದವು. ಅದೇ ವರ್ಷ ಆದ ಒಪ್ಪಂದದಿಂದ ಸಿಂಧಿಯಾ ಕರಾವಳಿ ಸಾಗಣೆಗೆ ಸೀಮಿತವಾಗಬೇಕಾಯಿತು. ಹಳೆಯದನ್ನು ದುರಸ್ತಿ ಮಾಡಿ ಓಡಿಸುವುದು ಆರಂಭ ಮಾತ್ರ, ಸ್ವಂತ ತಯಾರಿಕೆಯಿಲ್ಲದೆ ಪೈಪೋಟಿಯಲ್ಲಿ ಉಳಿಯಲಾಗದು ಎಂಬ ಪಾಠವನ್ನು ಈ ಅನುಭವ ಕಲಿಸಿತು. 1941ರಲ್ಲಿ ವಿಶಾಖಪಟ್ಟಣದಲ್ಲಿ ಹಡಗುಕಟ್ಟೆಗೆ ಬಾಬು ರಾಜೇಂದ್ರಪ್ರಸಾದ್ ಶಂಕುಸ್ಥಾಪನೆ ಮಾಡಿದರು. ಅಲ್ಲಿ ಕಟ್ಟಿದ ಜಲ ಉಷಾ ಹಡಗನ್ನು 1948ರಲ್ಲಿ ಪ್ರಧಾನಿ ನೆಹರೂ ನೀರಿಗಿಳಿಸಿದರು.

ವಿಶ್ವೇಶ್ವರಯ್ಯನವರ ಯೋಜನೆ

ಮೋಟಾರು ವಾಹನದ ವಿಷಯದಲ್ಲಿಯೂ ಇದೇ ಪ್ರಶ್ನೆ ಇತ್ತು. ಎರಡು ಮಹಾಯುದ್ಧಗಳ ನಡುವಿನ ಕಾಲದಲ್ಲಿ ಭಾರತದಲ್ಲಿ ಕಾರು, ಲಾರಿಗಳು ಜೋಡಣೆಯಾಗುತ್ತಿದ್ದವು, ತಯಾರಾಗುತ್ತಿರಲಿಲ್ಲ. ಅಮೆರಿಕದ ಕಂಪೆನಿಗಳು ಬಿಡಿಭಾಗಗಳನ್ನು ಪೆಟ್ಟಿಗೆಗಳಲ್ಲಿ ತಂದು ಬಂದರು ನಗರಗಳಲ್ಲಿ ಜೋಡಿಸಿ ಮಾರುತ್ತಿದ್ದವು. ಎಂಜಿನ್ನಾಗಲಿ ಗೇರ್‌ಬಾಕ್ಸಾಗಲಿ ಇಲ್ಲಿ ತಯಾರಾಗುತ್ತಿರಲಿಲ್ಲ. ಎಪ್ಪತ್ತು ದಾಟಿದ್ದ ಸರ್ ಎಂ. ವಿಶ್ವೇಶ್ವರಯ್ಯ 1935ರಲ್ಲಿ ಯೂರೋಪು, ಅಮೆರಿಕಗಳಿಗೆ ತೆರಳಿ ಮೋಟಾರು ಕಾರ್ಖಾನೆಗಳನ್ನು ಕಂಡು ಬಂದರು. ದೇಶದಲ್ಲೇ ಇಡೀ ವಾಹನ ತಯಾರಿಸುವ ಯೋಜನೆಯನ್ನು ರೂಪಿಸಿದರು. ಬಂಡವಾಳದ ಹೊಣೆ ಹೊರಲು ಮುಂದೆ ಬಂದವರು ವಾಲ್‌ಚಂದ್.

1939ರಲ್ಲಿ ವಾಲ್‌ಚಂದ್ ಸ್ವತಃ ಅಮೆರಿಕಕ್ಕೆ ಹೋದರು. ಫೋರ್ಡ್ ಮತ್ತು ಜನರಲ್ ಮೋಟಾರ್ಸ್ ಕೈಜೋಡಿಸಲಿಲ್ಲ. ಕ್ರೈಸ್ಲರ್ ಮಾತ್ರ ಒಪ್ಪಿತು, 1940ರಲ್ಲಿ ಒಪ್ಪಂದವಾಯಿತು. ಕಾರ್ಖಾನೆಯನ್ನು ಬೆಂಗಳೂರಿನಲ್ಲಿ ಸ್ಥಾಪಿಸುವ ಮಾತುಕತೆ ನಡೆಯಿತು, ಮೈಸೂರು ಸಂಸ್ಥಾನ ನೆರವಿಗೆ ಸಿದ್ಧವಿತ್ತು. ಆದರೆ ದೆಹಲಿಯ ಬ್ರಿಟಿಷ್ ಸರ್ಕಾರ ಯುದ್ಧಕಾಲದ ಅಗತ್ಯ ಉದ್ಯಮವೆಂದು ಇದನ್ನು ಪರಿಗಣಿಸಲು ಒಪ್ಪಲಿಲ್ಲ. ಯಂತ್ರಗಳ ಆಮದಿಗೆ ದಾರಿಯಾಗಲಿಲ್ಲ. ಲಾರಿಗಳಿಲ್ಲದೆ ಸೇನೆ ಚಲಿಸದು ಎಂಬುದು ಎಲ್ಲರಿಗೂ ತಿಳಿದಿದ್ದ ಕಾಲದಲ್ಲೇ ಲಾರಿ ಕಾರ್ಖಾನೆಗೆ ಅನುಮತಿ ಸಿಗಲಿಲ್ಲ. ಮೈಸೂರಿನ ಮೋಟಾರು ಕನಸು ಕಡತದಲ್ಲೇ ಉಳಿಯಿತು.

ಕೂಡ್ಲಿಗಿ, ಹೂವಿನಹಡಗಲಿ, ಹರಪನಹಳ್ಳಿ ಸೀಮೆಗಳು ಆಗ ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆಗೆ ಸೇರಿದ್ದವು. ಮೈಸೂರು ರಾಜ್ಯಕ್ಕೆ ಬಂದದ್ದು 1953ರ ಅಕ್ಟೋಬರ್ 1ರಂದು. ಹೊಸಪೇಟೆಯಿಂದ ಬಂದ ಮೀಟರ್ ಗೇಜ್ ರೈಲು ಕೊಟ್ಟೂರಿನಲ್ಲಿ ಕೊನೆಗೊಳ್ಳುತ್ತಿತ್ತು. ಹಡಗಲಿ, ಹರಪನಹಳ್ಳಿಗಳಿಗೆ ರೈಲು ಇರಲಿಲ್ಲ. ಶೇಂಗಾ, ಹತ್ತಿ, ಜೋಳ ಪೇಟೆ ಸೇರಬೇಕಾದರೆ ಎತ್ತಿನ ಬಂಡಿ, ಇಲ್ಲವೇ ಲಾರಿ. ಲಾರಿ ಎಷ್ಟು ಅಗ್ಗವಾಗಿ, ಎಷ್ಟು ಬೇಗ ದೊರೆಯುತ್ತದೆ ಎಂಬುದು ಇಂತಹ ಒಣಭೂಮಿಯ ರೈತನ ಬದುಕಿನ ಪ್ರಶ್ನೆಯೇ ಆಗಿತ್ತು.

ಲಾರಿಯ ಬದಲು ವಿಮಾನ

ಅಮೆರಿಕದಿಂದ ಮರಳುವ ವಿಮಾನದಲ್ಲಿ ವಾಲ್‌ಚಂದ್‌ಗೆ ಪರಿಚಯವಾದವರು ಚೀನಾದಲ್ಲಿ ವಿಮಾನ ಕಾರ್ಖಾನೆ ನಡೆಸುತ್ತಿದ್ದ ವಿಲಿಯಂ ಪಾಲೆ. ಆ ಮಾತುಕತೆಯ ಫಲವಾಗಿ 1940ರ ಡಿಸೆಂಬರ್ 23ರಂದು ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪೆನಿ ನೋಂದಣಿಯಾಯಿತು. ದಿವಾನ್ ಮಿರ್ಜಾ ಇಸ್ಮಾಯಿಲ್ ಅವರ ಆಡಳಿತ 700 ಎಕರೆ ಭೂಮಿ ನೀಡಿತು. 25 ಲಕ್ಷ ರೂಪಾಯಿ ಬಂಡವಾಳ ಹೂಡಿತು. 1941ರಲ್ಲಿ ಭಾರತ ಸರ್ಕಾರವೂ ಪಾಲುದಾರನಾಯಿತು. ಆದರೆ ಜಪಾನ್ ಯುದ್ಧಕ್ಕಿಳಿದ ಮೇಲೆ, 1942ರಲ್ಲಿ, ವಾಲ್‌ಚಂದ್ ಅವರ ಪಾಲನ್ನು ಸರ್ಕಾರವೇ ಕೊಂಡುಕೊಂಡಿತು. ಹಣ ಬಂದರೂ ಕಾರ್ಖಾನೆ ಕೈಬಿಟ್ಟಿತು. ಯುದ್ಧಾನಂತರ ವಿಮಾನದ ಕೆಲಸ ಇಳಿಮುಖವಾದಾಗ ಇದೇ ಕಾರ್ಖಾನೆ ರೈಲು ಬೋಗಿಗಳನ್ನೂ ಬಸ್ಸಿನ ಬಾಡಿಗಳನ್ನೂ ಕಟ್ಟಿತು. ಇಂದಿನ ಎಚ್‌ಎಎಲ್ ಅದರ ಮುಂದುವರಿಕೆ.

ವಾಲ್‌ಚಂದ್ ಮೋಟಾರಿನ ಆಸೆ ಬಿಡಲಿಲ್ಲ. 1944ರಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಕಂಪೆನಿ ಸ್ಥಾಪಿಸಿದರು. ಕಾರ್ಖಾನೆ ಮುಂಬೈಯ ಕುರ್ಲಾದಲ್ಲಿ ಎದ್ದಿತು. ಸ್ವಾತಂತ್ರ್ಯದ ವರ್ಷವಾದ 1947ರಲ್ಲಿ ಮೊದಲ ವಾಹನ ಹೊರಬಂದಿತು. ಕ್ರೈಸ್ಲರ್ ಒಪ್ಪಂದದಂತೆ ಒಂದೇ ಲಾರಿ ಡಾಡ್ಜ್, ಫಾರ್ಗೊ, ಡಿ ಸೋಟೊ ಎಂಬ ಮೂರು ಹೆಸರುಗಳಲ್ಲಿ ಮಾರಾಟವಾಗುತ್ತಿತ್ತು. ಆರಂಭದಲ್ಲಿ ಇಲ್ಲಿಯೂ ನಡೆದದ್ದು ಜೋಡಣೆಯೇ. ಭಾಗಗಳನ್ನು ಒಂದೊಂದಾಗಿ ಸ್ವದೇಶಿಗೊಳಿಸುವುದು ಗುರಿಯಾಗಿತ್ತು.

ಇದರ ನಡುವೆ ಹಲವು ಉದ್ಯಮಗಳಿಗೆ ಒಟ್ಟಿಗೆ ಕೈಹಾಕುವ ಅವರ ಸ್ವಭಾವ ಟೀಕೆಗೂ ಗುರಿಯಾಯಿತು. ಸಕ್ಕರೆ, ಹಡಗು, ವಿಮಾನ, ಕಟ್ಟಡ, ಮೋಟಾರು ಎಲ್ಲಕ್ಕೂ ಬಂಡವಾಳ ಸದಾ ಸಾಲದಾಗಿತ್ತು. ದೇಹವೂ ಬಳಲಿತು. 1949ರಲ್ಲಿ ಪಾರ್ಶ್ವವಾಯು ಬಡಿಯಿತು. ಮರುವರ್ಷ ವ್ಯವಹಾರದಿಂದ ನಿವೃತ್ತರಾದರು. ಪತ್ನಿ ಕಸ್ತೂರಬಾಯಿ ಕೊನೆಯವರೆಗೂ ಆರೈಕೆ ಮಾಡಿದರು. 1953ರ ಏಪ್ರಿಲ್ 8ರಂದು ಗುಜರಾತಿನ ಸಿದ್ಧಪುರದಲ್ಲಿ ವಾಲ್‌ಚಂದ್ ಕೊನೆಯುಸಿರೆಳೆದರು.

ಅದೇ ವರ್ಷ ಸುಂಕ ಆಯೋಗದ ಶಿಫಾರಸಿನಂತೆ, ತಯಾರಿಕೆಯ ಯೋಜನೆಯಿಲ್ಲದೆ ಬರೀ ಜೋಡಣೆ ಮಾಡುವ ಕಂಪೆನಿಗಳಿಗೆ ದೇಶದಲ್ಲಿ ಅವಕಾಶವಿಲ್ಲವೆಂದು ಸರ್ಕಾರ ನಿರ್ಧರಿಸಿತು. ಫೋರ್ಡ್, ಜನರಲ್ ಮೋಟಾರ್ಸ್ ಹೊರನಡೆದವು; ಪ್ರೀಮಿಯರ್ ಉಳಿಯಿತು. ವಿಶ್ವೇಶ್ವರಯ್ಯ ಮತ್ತು ವಾಲ್‌ಚಂದ್ ಹದಿನೈದು ವರ್ಷಗಳಿಗೂ ಹಿಂದೆ ಕೇಳಿದ್ದು ಇದನ್ನೇ. ವಿಶ್ವೇಶ್ವರಯ್ಯ ಅದನ್ನು ಕಣ್ಣಾರೆ ಕಂಡರು. ವಾಲ್‌ಚಂದ್‌ಗೆ ಆ ಭಾಗ್ಯವಿರಲಿಲ್ಲ.

ಅಂಗಳದಲ್ಲಿ ಉಳಿದ ಪರಂಪರೆ

ಆ ಕಾಲದ ಲಾರಿಗಳು ಹೆಚ್ಚಾಗಿ ಬರೀ ಛಾಸಿ, ಎಂಜಿನ್, ಮೂತಿಯೊಡನೆ ಕೊಳ್ಳುವವನ ಕೈಸೇರುತ್ತಿದ್ದವು. ಕ್ಯಾಬಿನ್ ಮತ್ತು ಹಿಂದಿನ ಮೈಯನ್ನು ಊರಿನ ಬಡಗಿ, ಕಮ್ಮಾರರು ಕಟ್ಟುತ್ತಿದ್ದರು. ಪೆಟ್ರೋಲು ದುಬಾರಿಯಾದಾಗ ಆರು ಸಿಲಿಂಡರಿನ ಮೂಲ ಎಂಜಿನ್ ತೆಗೆದು ಡೀಸೆಲ್ ಎಂಜಿನ್ ಕೂರಿಸಿದವರು ಅನೇಕರು. ಆದ್ದರಿಂದ ಇಂದು ಹಳೆಯ ಡಾಡ್ಜ್ ಪಿಕಪ್ಪೊಂದನ್ನು ಬಿಚ್ಚುವ ಹವ್ಯಾಸಿಗೆ ಒಂದೇ ವಾಹನದಲ್ಲಿ ಹಲವು ಕೈಗಳ ಕೆಲಸ ಕಾಣುತ್ತದೆ. ಐವತ್ತರ ದಶಕದ ಆರಂಭದ ಮಾದರಿಗಳಲ್ಲಿ ಇದ್ದದ್ದು 6 ವೋಲ್ಟಿನ ವಿದ್ಯುತ್ ವ್ಯವಸ್ಥೆ. ಅದನ್ನು 12 ವೋಲ್ಟಿಗೆ ಬದಲಿಸದೆ ಇಂದಿನ ದೀಪಗಳು ಉರಿಯವು. ಸಿಗದ ಭಾಗಗಳನ್ನು ಲೇತ್ ಯಂತ್ರದಲ್ಲಿ ಕಡೆಸಿಕೊಳ್ಳಬೇಕು. ಹಿಂಬದಿಯ ಹಲಗೆಗಳನ್ನು ಹೊಸದಾಗಿ ಕೊಯ್ಯಿಸಬೇಕು.

ಎಷ್ಟು ಬದಲಿಸಬಹುದು ಎಂಬುದಕ್ಕೆ ಕಾನೂನಿನ ಮಿತಿಯೂ ಇದೆ. 2021ರ ಕೇಂದ್ರ ನಿಯಮದ ಪ್ರಕಾರ 50 ವರ್ಷ ದಾಟಿದ, ವಾಣಿಜ್ಯ ಬಳಕೆಯಲ್ಲಿಲ್ಲದ ವಾಹನಕ್ಕೆ ವಿಂಟೇಜ್ ನೋಂದಣಿ ದೊರೆಯುತ್ತದೆ. ಆದರೆ ಛಾಸಿ, ಮೈಕಟ್ಟು, ಎಂಜಿನ್‌ಗಳಲ್ಲಿ ದೊಡ್ಡ ಮಾರ್ಪಾಡು ಆಗಿರಬಾರದು. ಮನಸ್ಸಿಗೆ ಬಂದಂತೆ ಸಿಂಗರಿಸಿದರೆ ಆ ಮಾನ್ಯತೆ ತಪ್ಪುತ್ತದೆ. ಕೆಲಸಕ್ಕೆ ಮುನ್ನ ಪ್ರಾದೇಶಿಕ ಸಾರಿಗೆ ಕಚೇರಿಯಲ್ಲಿ ವಿಚಾರಿಸಿಕೊಳ್ಳುವುದು ಕ್ಷೇಮ.

ಹಳೆಯ ಹಡಗೊಂದನ್ನು ಸಜ್ಜುಗೊಳಿಸಿ ಉದ್ಯಮದ ಸಾಗರಕ್ಕಿಳಿದ ವಾಲ್‌ಚಂದ್ ಹೆಸರು ಇಂದು ಸಾಂಗ್ಲಿ, ಸೊಲ್ಲಾಪುರಗಳ ತಾಂತ್ರಿಕ ಕಾಲೇಜುಗಳಲ್ಲಿ ಉಳಿದಿದೆ. ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆಯಿದೆ. ಬಾರದೆ ಹೋದದ್ದು ಮೋಟಾರು ಕಾರ್ಖಾನೆ. ಅದರ ಗುರುತು ಅಲ್ಲಲ್ಲಿ ಉಳಿದಿರುವ ಫಾರ್ಗೊ ಲಾರಿಗಳ ಮೂತಿಯ ಮೇಲಿನ, ಬಣ್ಣ ಮಾಸಿದ ಅಕ್ಷರಗಳಲ್ಲಿದೆ.